ತಣ್ಣೀರಿಗೆ ತೂಗಿದ ಮರದ ಮೀನು

ಅಕ್ಟೋಬರ್ 19, ಬೆಳಗ್ಗೆ

ಓಟ್ಸ್ ಗಂಜಿ ಇವತ್ತೂ ವಾಪಸ್. ಒಂದು ಚಮಚ ಬಾಯಿಗೆ ಹೋಯಿತು, ಗಲ್ಲದ ಮೇಲೆ ಇಳಿದು ಬಂತು. ಒರೆಸಿದೆ. ಎರಡನೆಯದಕ್ಕೆ ತುಟಿ ಬಿಗಿದುಕೊಂಡ. ಸ್ಟ್ರೋಕ್ ಆದಮೇಲೆ ಆರ್ಲಿನ್‌ನ ಬಲಗೈ ಹೋಯಿತು, ಬಲಗಾಲು ಮುಕ್ಕಾಲು ಹೋಯಿತು, ಮಾತು ಹೋಯಿತು. ಹಟದ್ದು ಮಾತ್ರ ಒಂದು ಕೂದಲೂ ಕೊಂಕಿಲ್ಲ.

ಮಾತಿನಲ್ಲಿ ಒಂದು ಉಳಿದಿದೆ. "ಮಂಗಳವಾರ." ನೀರು ಬೇಕಾದರೂ ಮಂಗಳವಾರ, ಟಿವಿ ಆರಿಸಬೇಕಾದರೂ ಮಂಗಳವಾರ. ಯಾಕೆ ಅದೇ ಅಂದರೆ ಡಾಕ್ಟರಿಗೂ ಗೊತ್ತಿಲ್ಲ. ಮದುವೆಯಾಗಿ ಇಷ್ಟು ವರ್ಷ, ಉಳಿದದ್ದು ಲವೋನ್ ಅಂತ ನನ್ನ ಹೆಸರಾದರೂ ಆಗಬಾರದಿತ್ತೇ...

ನರ್ಸ್ ಟ್ವೈಲಾ ಬಂದಿದ್ದಳು. ತೂಕ ನೋಡಿ ನನ್ನನ್ನು ಅಡುಗೆಮನೆಗೆ ಕರೆದಳು.

"ಇನ್ನೂ ಇಳಿದಿದೆ ಲವೋನ್. ನುಂಗೋಕೆ ಆಗಲ್ಲ ಅಂತಲ್ಲ. ಮೆತ್ತಗೆ ಅರೆದುಕೊಟ್ರೆ ನುಂಗ್ತಾರೆ. ಅವರಿಗೇ ಬೇಡವಾಗಿದೆ."

"ಹಾಗಂದ್ರೆ?"

"ಹಾಗಂದ್ರೆ ಹೊಟ್ಟೆಗೇ ಟ್ಯೂಬ್ ಹಾಕಿಸ್ಬೇಕು. ಇಲ್ಲಾಂದ್ರೆ..."

ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ್ದ ಟ್ಯೂಬನ್ನು ಕಿತ್ತು ನೆಲಕ್ಕೆ ಎಸೆದವನು ಇವನು. ಹೊಟ್ಟೆಯದನ್ನು ಬಿಡುತ್ತಾನೆಯೇ?

ಅಕ್ಟೋಬರ್ 22

ಶೆಡ್ಡಿಗೆ ಹೋದೆ. ಬೇಸಿಗೆಯಿಂದ ಬಾಗಿಲು ತೆಗೆದಿರಲಿಲ್ಲ. ಸೀಡರ್ ಮರದ ವಾಸನೆ ಹಾಗೇ ಇದೆ. ಗೋಡೆ ತುಂಬ ಅವನ ಗ್ಲೈಡ್ ಬೈಟ್‌ಗಳು. ದೊಡ್ಡ ಮೀನಿಗೆ ಆಸೆ ತೋರಿಸಿ ಗಾಳಕ್ಕೆ ಎಳೆಯುವ ಮರದ ಮೀನುಗಳು, ಹೊಟ್ಟೆಯಲ್ಲಿ ಸೀಸ, ಕೆಳಗೆ ಕೊಕ್ಕೆ. ಅವನು ಕೆತ್ತುತ್ತಿದ್ದ, ನಾನು ಬಣ್ಣ ಹಾಕುತ್ತಿದ್ದೆ. ಒಂದನ್ನೂ ನಾನು ನೀರಿಗೆ ಎಸೆದವಳಲ್ಲ. ಚಳಿಯಲ್ಲಿ ದೋಣಿಯಲ್ಲಿ ನಿಂತು ಇಡೀ ದಿನ ಮರದ ತುಂಡು ಎಸೆಯುವುದು ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ ಅಂತ ಅವನ ಮುಖಕ್ಕೇ ಹೇಳಿದ್ದೇನೆ.

ಅಲ್ಲೇ ನಿಂತಾಗ ಹೊಳೆಯಿತು. ನವೆಂಬರ್‌ನಲ್ಲಿ ಕೆರೆಯಿಂದ ಬಂದರೆ ಬೂಟು ಕೂಡ ಬಿಚ್ಚದೆ ಪಾತ್ರೆಗೇ ಚಮಚ ಹಾಕಿ ನಿಂತುಕೊಂಡೇ ತಿನ್ನುತ್ತಿದ್ದ. ನಾನು ಬೈಯುತ್ತಿದ್ದೆ. ಆ ಹಸಿವು ಕೆರೆಯಲ್ಲಿ ಇದೆ. ಅಲ್ಲಿಂದಲೇ ತರಬೇಕು. ಅವನ ಕಣ್ಣೆದುರು ಒಂದು ಮಸ್ಕಿ, ಕೆರೆಯ ಆ ದೊಡ್ಡ ಬೇಟೆಮೀನು, ಹಿಡಿಯಬೇಕು, ಅವನ ಬೈಟ್‌ನಲ್ಲೇ, ನೀರು ಹೆಪ್ಪುಗಟ್ಟುವ ಮೊದಲು.

ಪಕ್ಕದ ಮನೆಯ ಮಿಲೋಗೆ ಹೇಳಿದೆ. ದೋಣಿ ಅವನದು. ನಕ್ಕ.

"ಮಸ್ಕಿ ಅಂದ್ರೆ ಏನಂದ್ಕೊಂಡೆ? ನಾನು ಈ ವರ್ಷ ಇಡೀ ಎಸೆದಿದೀನಿ. ಒಂದೂ ಮೂಸಿಲ್ಲ."

"ನಿನ್ನ ಮುಖ ನೋಡಿ ಓಡಿಹೋಗಿರ್ತವೆ."

"ಸರಿ ಬಾ ತಾಯಿ. ನಿನ್ನ ಮುಖಾನೂ ತೋರ್ಸೋಣ."

ಅಕ್ಟೋಬರ್ 23

ಕೆಲವು ಬೈಟ್ ತಂದು ಆರ್ಲಿನ್‌ನ ತೊಡೆಯ ಮೇಲೆ ಇಟ್ಟೆ. ನನಗೆ ಇಷ್ಟವಾದದ್ದು ಹಸಿರು, ಕಿತ್ತಳೆ ಪಟ್ಟೆ, ಬೆನ್ನಿಗೆ ಚಿನ್ನದ ಪುಡಿ. ನನ್ನ ಕೈಯಿಂದ ಅದಕ್ಕಿಂತ ಚಂದದ್ದು ಬಂದಿಲ್ಲ. ಎಡಗೈಯಲ್ಲಿ ಅದನ್ನೇ ಮೊದಲು ನೆಲಕ್ಕೆ ತಳ್ಳಿದ. ಬೆಳ್ಳಿಯದನ್ನೂ ತಳ್ಳಿದ. ಉಳಿಸಿಕೊಂಡದ್ದು ಒಂದು ದರಿದ್ರ ಕಂದು ಬೈಟ್, ಕೆಸರಿನ ಬಣ್ಣ, ಮೈತುಂಬ ಹಲ್ಲಿನ ಗುರುತು, ಹೊಟ್ಟೆ ಸೀಳಿ ನೀರು ಕುಡಿದು ಊದಿದ್ದು.

"ಇದಾ? ಇದನ್ನ ನಾಯಿನೂ ಕಚ್ಚಲ್ಲ."

"ಮಂಗಳವಾರ," ಎಂದ. ಗಟ್ಟಿಯಾಗಿ.

ಸರಿ. ನಮ್ಮ ಕೆರೆಯ ಸಕ್ಕರ್ ಮೀನು ಇದೇ ಬಣ್ಣ. ಮಸ್ಕಿ ತಿನ್ನುವುದು ಅದನ್ನೇ. ಚಿನ್ನದ ಪುಡಿ ಬೈಟ್ ಕೊಳ್ಳಲು ಬಂದವರ ಕಣ್ಣಿಗೆ, ಮೀನಿಗಲ್ಲ.

ಹಾಲ್‌ನಲ್ಲಿ ಗಾಳದ ರಾಡ್ ಹಿಡಿದು ಎಳೆದು ತೋರಿಸಿದೆ. ಗುರ್ ಎಂದ. ಮತ್ತೆ ಎಳೆದೆ. ಮುಖ ಕೆಂಪಾಯಿತು. ಎಡಗೈಯಿಂದ ಕುರ್ಚಿಯ ತೋಳಿಗೆ ಬಡಿದು ತೋರಿಸಿದ. ಒಂದು ತಟ್ಟು, ಬಿಡುವು. ಒಂದು ತಟ್ಟು, ಬಿಡುವು. ಎಳೆಯುವುದೇ ಅಲ್ಲ! ರಾಡ್ ತುದಿಯನ್ನು ಕೆಳಕ್ಕೆ ತಟ್ಟಿ ತಕ್ಷಣ ದಾರ ಸಡಿಲ ಬಿಡಬೇಕು. ಆಗ ಬೈಟ್ ತಾನೇ ಒಂದು ಪಕ್ಕಕ್ಕೆ ಜಾರುತ್ತದೆ. ಮುಂದಿನ ತಟ್ಟಿಗೆ ಇನ್ನೊಂದು ಪಕ್ಕಕ್ಕೆ. ಬಿಗಿ ಹಿಡಿದರೆ ಸತ್ತ ಕಟ್ಟಿಗೆ.

ಎಷ್ಟು ದಿನದ ಮೇಲೆ ಅವನಿಗೆ ಸಿಟ್ಟು ಬಂತು! ಖುಷಿಗೆ ಬೇಕೆಂದೇ ಇನ್ನೊಮ್ಮೆ ತಪ್ಪು ಮಾಡಿದೆ.

ರಾತ್ರಿ ಊಟ ಮಾತ್ರ ಮುಟ್ಟಲಿಲ್ಲ.

ಅಕ್ಟೋಬರ್ 28

ಮಿಲೋ ಜೊತೆ ಕೆರೆ. ಆ ಚಿನ್ನದ ಬೈಟ್‌ನಲ್ಲೇ ಕಲಿಕೆ. ಭುಜ ಕಿತ್ತುಬರುತ್ತಿದೆ. ದೋಣಿಯ ಹತ್ತಿರ ಬಂದ ಬೈಟನ್ನು ಹಾಗೇ ಎತ್ತಿಬಿಟ್ಟೆ ಅಂತ ಮಿಲೋ ಬೈದ.

"ಎಂಟು! ಎಂಟು ಹಾಕು ಅಂದ್ನಲ್ಲ! ರಾಡ್ ತುದಿ ನೀರೊಳಗೆ ಹಾಕಿ ದೊಡ್ಡದಾಗಿ 8 ಬರಿ. ಮೀನು ಬೈಟ್ ಹಿಂದೇನೇ ಬಂದಿರುತ್ತೆ, ನಿನಗೆ ಕಾಣಲ್ಲ."

"ಪ್ರತಿ ಸಲಾನೂನಾ?"

"ಪ್ರತಿ ಸಲ. ಬರೀದೇ ಇದ್ದ ಸಲಾನೇ ಅದು ಬಂದಿರೋದು."

ಬರೆದೆ. ನೀರಿನ ಮೇಲೆ ಶಾಲೆಮಕ್ಕಳ ಹಾಗೆ 8, 8, 8. ಏನೂ ಬರಲಿಲ್ಲ. ಮನೆಗೆ ಬಂದರೆ ಆಲೂಗಡ್ಡೆ ಪೇಸ್ಟ್ ಬಟ್ಟಲಲ್ಲಿ ಒಣಗಿ ಕೂತಿತ್ತು.

ನವೆಂಬರ್ 2

ಕಂದು ಬೈಟ್‌ನ ಹೊಟ್ಟೆ ಕೊರೆದು, ಕೊಳೆತದ್ದು ತೆಗೆದು, ಒಣಗಿಸಿ, ಸೀಸಕ್ಕೆ ಒಂದು ತೂತು ಬಿಟ್ಟು ಮುಚ್ಚಿದ್ದೆ. ಇನ್ನು ಸೀಸ ತುಂಬಿ ತೂಕ ಕೂರಿಸಬೇಕು. ಅದು ಅವನ ಕಣ್ಣಿಗೆ ಮಾತ್ರ ಗೊತ್ತು. ಸ್ಟೂಲ್ ಹಾಕಿ ಕಂಬಳಿ ಹೊದಿಸಿ ಬಚ್ಚಲಲ್ಲಿ ಕೂರಿಸಿದೆ. ಅವನು ಎಲುಬಿನ ಹಂದರ, ಬಚ್ಚಲು ಮಂಜಿನ ಹಾಗೆ ತಣ್ಣಗೆ. ಟಬ್ಬಿಗೆ ಬಿಸಿನೀರು ತುಂಬಿದೆ, ಆವಿಗೆ ಕೋಣೆ ಬೆಚ್ಚಗಾಗಲಿ ಅಂತ.

ಸೀಸ ಹಾಕಿದೆ, ಮುಳುಗಿಸಿದೆ, ಅವನ ಮುಖ ನೋಡಿದೆ. ತಲೆಯಾಡಿಸಿದ, ಇಲ್ಲ. ಇನ್ನಷ್ಟು. ಇಲ್ಲ. ಸ್ವಲ್ಪ ತೆಗೆದೆ. ಬೈಟ್ ಮೈ ಸಮವಾಗಿ, ಒಣ ಎಲೆ ಇಳಿದ ಹಾಗೆ ಇಳಿಯಿತು. ಹೂಂ ಎಂದು ಗೋಣು ಹಾಕಿದ. ಕಣ್ಣು ಹೊಳೆದಿತ್ತು. ನನಗೆ ಆ ಕ್ಷಣ ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಮೇಣ ಕರಗಿಸಿ ತೂತು ಮುಚ್ಚಿದೆ.

ನವೆಂಬರ್ 4

ತೇಲಿತು. ತಟ್ಟಿದೆ, ಬಿಟ್ಟೆ, ಬೈಟ್ ಬೆನ್ನು ತೋರಿಸುತ್ತ ಬಾತುಕೋಳಿಯ ಹಾಗೆ ಮೇಲೆ ಬಂತು. ಮತ್ತೆ ತಟ್ಟಿದೆ, ಮತ್ತೆ ಮೇಲೆ. ಜಾರುವುದು ಇಲ್ಲ, ಇಳಿಯುವುದು ಇಲ್ಲ.

ಆರ್ಲಿನ್ ಕೂರಿಸಿದ ತೂಕ ತಪ್ಪುವುದೇ? ಅವನು ಗೋಣು ಹಾಕಿದ್ದು ಸುಮ್ಮನೆ. ನಾನು ಕಲ್ಲು ಮುಳುಗಿಸಿದ್ದರೂ ಹಾಕುತ್ತಿದ್ದ. ಒಳಗೆ ಅವನು ಇದ್ದಾನೆ, ಮಾತು ಮಾತ್ರ ಇಲ್ಲ ಅಂದುಕೊಂಡಿದ್ದೆ. ಇಲ್ಲವೇನೋ. ಖಾಲಿ ಮನೆಯ ಬಾಗಿಲು ಬಡಿಯುತ್ತಿದ್ದೇನೆ.

ದೋಣಿಯಲ್ಲಿ ಮಿಲೋಗೆ ಬೆನ್ನು ಹಾಕಿ ಅತ್ತೆ. ಗಾಳಿಗೆ ಕಣ್ಣು ಉರೀತಿದೆ ಅಂದೆ.

ನವೆಂಬರ್ 10

ಬರೆಯಲಿಲ್ಲ. ಏನು ಬರೆಯುವುದು? ಅವನ ಬೆಲ್ಟಿಗೆ ಇನ್ನೊಂದು ತೂತು ಕೊರೆದೆ. ಟ್ವೈಲಾ ಮುಂದಿನ ಸೋಮವಾರ ಬರುತ್ತಾಳೆ, ಟ್ಯೂಬ್ ಹೌದೋ ಅಲ್ಲವೋ ಹೇಳಬೇಕು. ಅಲ್ಲ ಅಂದರೆ ಕೊನೆಯ ದಿನಗಳಿಗೆ ಮಾರ್ಫಿನ್ ತರುವವರು ಬೇರೆಯವರಂತೆ. ಒಳ್ಳೆಯವರಂತೆ.

ಕೆರೆಯ ಅಂಚಿಗೆ ಗಾಜಿನಂಥ ಮಂಜುಗಡ್ಡೆ ಕಟ್ಟಿದೆ.

ಸಂಜೆ ಮಿಲೋ ಜಿಂಕೆ ಮಾಂಸದ ಸಾಸೇಜ್ ಹಿಡಿದು ಬಂದ. ಯಾರು ತಿನ್ನಬೇಕು ಅದನ್ನು? ಕಂದು ಬೈಟ್ ಮೇಜಿನ ಮೇಲೆ ಬಿದ್ದಿತ್ತು. ಕೈಯಲ್ಲಿ ತಿರುಗಿಸಿ ನೋಡಿದ.

"ಆರ್ಲಿನ್ ತೂಗಿದ್ದು ತೇಲೋದಾ... ಯಾವ ನೀರಲ್ಲಿ ನೋಡಿದ್ರಿ?"

"ಟಬ್ಬಲ್ಲಿ."

"ತಣ್ಣೀರು ತಾನೆ?"

"ಬಿಸಿ. ಆವಿ ಬರ್ಲಿ ಅಂತ."

"ಅಯ್ಯೋ ಮಾರಾಯ್ತಿ! ಬಿಸಿನೀರು ತೆಳ್ಳಗೆ, ಮುಳುಗಿಸುತ್ತೆ. ಈಗ ಕೆರೆ ನೀರು ದಪ್ಪ, ಎತ್ತಿಹಾಕುತ್ತೆ. ಅವನು ಸರಿಯಾಗೇ ತೂಗಿದಾನೆ. ನೀನು ಕೊಟ್ಟ ನೀರಿಗೆ ತೂಗಿದಾನೆ!"

ಅವತ್ತು ಅವನು ಸ್ಟೂಲ್ ಮೇಲೆ ಕಂಬಳಿಯೊಳಗಿದ್ದ. ನೀರು ಮುಟ್ಟಿರಲೇ ಇಲ್ಲ. ನಾನು ಒಳಗೆ ಓಡಿ ಅವನ ತಲೆ ಹಿಡಿದು ಹಣೆಗೆ, ಕಿವಿಗೆ, ಎಲ್ಲೆಂದರಲ್ಲಿ ಮುತ್ತು ಕೊಟ್ಟೆ. ಗಾಬರಿಯಾಗಿ "ಮಂಗಳವಾರ, ಮಂಗಳವಾರ" ಎಂದ. ಒಳಗೆ ಇದ್ದಾನೆ. ಇದ್ದೇ ಇದ್ದಾನೆ.

ನವೆಂಬರ್ 11

ಟಬ್ಬಿಗೆ ಬೋರ್‌ವೆಲ್ ನೀರು, ಮೇಲೆ ಹಿತ್ತಿಲ ಡ್ರಮ್ಮಿನಿಂದ ಒಡೆದು ತಂದ ಮಂಜುಗಡ್ಡೆ. ನನ್ನ ಬೆರಳು ನೀಲಿ. ಕೊಕ್ಕೆಯ ಕಾಲಿಗೆ ಸೀಸದ ತಂತಿ ಸುತ್ತಿದೆ. ಈ ಸಲ ಅವನೇ ಎಡಗೈ ನೀರಿಗೆ ಇಳಿಸಿದ. ತೆಗಿ ಅಂದರೂ ತೆಗೆಯಲಿಲ್ಲ. ನನ್ನ ಕಡೆ ನೋಡಿದ ನೋಟ ಇತ್ತಲ್ಲ, ಮಾತಿದ್ದಿದ್ದರೆ ಬೈಗುಳ ನನ್ನ ಅಪ್ಪನವರೆಗೂ ಹೋಗುತ್ತಿತ್ತು.

ಬೈಟ್ ಇಳಿಯಿತು. ಒಪ್ಪಿದ.

ಸೂಪು ಒಪ್ಪಲಿಲ್ಲ.

ನವೆಂಬರ್ 13

ಜಾರುತ್ತದೆ! ತಟ್ಟಿ ಬಿಟ್ಟರೆ ಎಡಕ್ಕೆ, ನಿಧಾನ, ನಿಂತು, ಬಲಕ್ಕೆ. ನನ್ನ ಕೈಯಲ್ಲಿ ಮರ ಉಸಿರಾಡಿತು. ಒಮ್ಮೆ ಅದರ ಹಿಂದೆ ಉದ್ದನೆಯ ನೆರಳು ಬಂತು. ದೋಣಿಯವರೆಗೆ ಬಂದು ಕೆಳಗೆ ಹೋಯಿತು. ಅದೇ ಜಾಗಕ್ಕೆ ಮತ್ತೆ ಎಸೆದೆ.

ಮನೆಗೆ ಬಂದು ಆರ್ಲಿನ್‌ಗೆ ಹೇಳಿದೆ. ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದ. ಆ ಸಮಯ ನೋಡಿ ಚಮಚ ತುರುಕಿದೆ. ಉಗಿದ. ನನ್ನ ಮೇಲೇ. ಮೋಸ ಮಾಡಿದೆ ಅನ್ನುವ ಹಾಗೆ ನೋಡಿದ. ಹೌದು, ಮೋಸವೇ. ಇನ್ನೇನು ಮಾಡಲಿ ನಾನು?

ನವೆಂಬರ್ 14

ಟ್ವೈಲಾಗೆ ಫೋನ್. ಅವನನ್ನು ದೋಣಿಗೆ ಕರೆದುಕೊಂಡು ಹೋಗಲೇ ಅಂತ ಕೇಳಿದೆ.

"ತಲೆ ಕೆಟ್ಟಿದೆಯಾ ಲವೋನ್? ಈ ಚಳೀಲಿ? ನ್ಯುಮೋನಿಯಾ ಆದ್ರೆ ಮುಗೀತು."

ಫೋನ್ ಇಟ್ಟು ಮಿಲೋ ಕಡೆ ನೋಡಿದೆ.

"ನಂಗೇನೂ ಕೇಳಿಸ್ಲಿಲ್ಲಪ್ಪ," ಎಂದ. "ದೋಣಿಯ ಹಿಂದಿನ ಸೀಟು ಕಿತ್ತು ನಮ್ಮ ಆರಾಮ ಕುರ್ಚಿ ಕಟ್ತೀನಿ."

ನವೆಂಬರ್ 16, ಮಧ್ಯಾಹ್ನ

ಬರೆಯದಿದ್ದರೆ ಕೂರಲಾಗುವುದಿಲ್ಲ.

ಹಿಮ ಬೀಳುತ್ತಿತ್ತು. ಮಿಲೋ ಅವನನ್ನು ಮಗುವಿನ ಹಾಗೆ ಎತ್ತಿ ಕುರ್ಚಿಗೆ ಕೂರಿಸಿ ಬೆಲ್ಟ್ ಕಟ್ಟಿದ. ಎತ್ತಿದಾಗ ಮಿಲೋನ ಮುಖ ಇಳಿಯಿತು. ಅಷ್ಟು ಹಗುರ.

ದಡದ ಮಂಜುಗಡ್ಡೆ ಒಡೆದುಕೊಂಡು ಹೋದೆವು, ಕೆರೆಯ ನಡುವೆ ಮಾತ್ರ ನೀರು. ನೀರಡಿಯ ಸತ್ತ ಕಳೆಯ ಅಂಚಿಗೆ ಎಸೆದೆ. ತಟ್ಟು, ಬಿಡು. ಆರ್ಲಿನ್ ಗುರ್ ಎಂದ. ಇನ್ನೂ ನಿಧಾನ ಅಂತ. ನಿಧಾನ ಮಾಡಿದೆ. ಗಂಟೆಗಟ್ಟಲೆ ಏನೂ ಇಲ್ಲ. ಅವನ ತುಟಿ ನೀಲಿಯಾಗುತ್ತಿತ್ತು. ಕೊಂದೆ ಇವನನ್ನು ಅಂದುಕೊಂಡೆ. ಇನ್ನೊಂದೇ ಸಲ, ಆಮೇಲೆ ವಾಪಸ್.

ಬೈಟ್‌ನ ಹಿಂದೆ ಬಂತು. ನೆರಳಲ್ಲ, ಮೀನೇ. ಅಗಲ ತಲೆ, ತಣ್ಣನೆ ಕಣ್ಣು. ನಾನು ಕಲ್ಲಾದೆ. ಬೈಟ್ ದೋಣಿಗೆ ಬಂದು ಸುಮ್ಮನೆ ನಿಂತಿತು, 8 ಇಲ್ಲ, ಏನಿಲ್ಲ.

ಆಗ ಆರ್ಲಿನ್ ಬೆಲ್ಟ್ ಜಗ್ಗಿ ಬಾಗಿದ. ನನ್ನ ಕೈಯ ಮೇಲೇ ರಾಡ್ ಹಿಡಿದ, ತುದಿಯನ್ನು ನೀರಿಗೆ ಒತ್ತಿದ, ತಿರುಗಿಸಿದ. ದೊಡ್ಡ ಸುತ್ತು, ನಿಧಾನ ತಿರುವು. ಮೀನು ತಿರುಗಿತು. ಇನ್ನೊಂದು ಸುತ್ತು. ಬಾಯಿ ಬೆಳ್ಳಗೆ ತೆರೆಯಿತು... ಆ ಹೊಡೆತ ನನ್ನ ಮೊಣಕೈಗೆ, ಹಲ್ಲಿಗೆ ಬಂತು. ಮಿಲೋ ಬಲೆ ಹಿಡಿದು ನುಗ್ಗಿದ. ಮೀನು ಬಲೆ ನೋಡಿತು. ಒಮ್ಮೆ ತಲೆ ಕೊಡವಿತು. ಬೈಟ್ ಹಾರಿ ಬಂದು ದೋಣಿಗೆ ಬಡಿಯಿತು.

ಹೋಯಿತು.

ಆಮೇಲೆ ಆರ್ಲಿನ್ ಮಿಲೋ ಕಡೆ ತಿರುಗಿ, ತೊದಲದೆ, ನೆಟ್ಟಗೆ:

"ಬೋಳೀಮಗನೇ!"

ಮಿಲೋ ಬಲೆ ಬಿಟ್ಟುಬಿಟ್ಟ. "ಆರ್ಲಿನ್... ಇನ್ನೊಂದ್ಸಲ ಬೈಯೋ. ದೇವರಾಣೆ ಇನ್ನೊಂದ್ಸಲ ಬೈಯಿ!"

ಬೈದ. ಇಬ್ಬರೂ ಅಳುತ್ತಿದ್ದರು. ನಾನೂ.

ಟ್ರಕ್‌ನಲ್ಲಿ ಹೀಟರ್ ಹಾಕಿ ಕೂರಿಸಿದೆ. ಮಿಲೋನ ಸ್ಯಾಂಡ್‌ವಿಚ್ ಎದುರಿಗಿತ್ತು, ರೈ ಬ್ರೆಡ್, ಲಿವರ್ ಸಾಸೇಜ್, ಈರುಳ್ಳಿ. ನಾನು ಅವನ ಕಾಲಿಗೆ ಕಂಬಳಿ ಸುತ್ತಿ ತಲೆ ಎತ್ತುವಷ್ಟರಲ್ಲಿ ಕಚ್ಚಿದ್ದ. ಬ್ರೆಡ್ ಬೇಡ! ಬ್ರೆಡ್ ಕೂಡದು ಅಂದಿದ್ದಾರೆ, ಶ್ವಾಸಕೋಶಕ್ಕೆ ಹೋಗುತ್ತದೆ! ಕಿತ್ತುಕೊಳ್ಳಲು ಹೋದೆ. ಬಿಡಲಿಲ್ಲ. ಅಗಿದ. ಕೆಮ್ಮಿದ, ಮುಖ ನೇರಳೆಯಾಯಿತು, ಬೆನ್ನು ತಟ್ಟಿದೆ. ನುಂಗಿದ. ಮತ್ತೆ ಕಚ್ಚಿದ.

ಈಗ ಮನೆ. ಇನ್ನೂ ಕೆಮ್ಮುತ್ತಿದ್ದಾನೆ, ಎದೆಯಲ್ಲಿ ಗೊರಗೊರ. ಹಣೆ ಬೆಚ್ಚಗಿದೆಯೋ ನನ್ನ ಕೈ ತಣ್ಣಗಿದೆಯೋ ತಿಳಿಯುತ್ತಿಲ್ಲ. ಟ್ವೈಲಾ ಫೋನ್ ಎತ್ತುತ್ತಿಲ್ಲ. ಗಂಜಿ ಮಾಡಿ ಒಯ್ದೆ, ತಳ್ಳಿದ. ಉಳಿದರ್ಧ ಸ್ಯಾಂಡ್‌ವಿಚ್ ಇಲ್ಲಿ, ನನ್ನ ಮುಂದೆ, ಕಾಗದದಲ್ಲಿ ಇದೆ. ಅವನ ಕಣ್ಣು ಅದರ ಮೇಲೆ. ಕೊಟ್ಟು ಏನಾದರೂ ಆದರೆ ನಾನೇ ಕೊಂದ ಹಾಗೆ. ಕೊಡದೆ ಈ ಹಸಿವು ಹೋಗಿಬಿಟ್ಟರೆ ಆಗಲೂ ನಾನೇ. ಕಾಫಿಯಲ್ಲಿ ನೆನೆಸಿ, ಸಣ್ಣ ಚೂರು ಮಾಡಿ, ತಲೆ ಎತ್ತಿ ಹಿಡಿದು...

ಇಷ್ಟು ವಾರ ಮುಚ್ಚಿದ ಬಾಯಿ ತೆರೆದು ಕೂತಿದ್ದಾನೆ, ನಾನು ಇಲ್ಲಿ ಬರೆಯುತ್ತ—