ಮೂರು ಮಹಡಿ ಬೈಗುಳ

ಮೇ 4, ಬೆಳಿಗ್ಗೆ

ಕಿಟಕಿ ಒರೆಸಿ ಆಯಿತು. ಸಂಜೆ ಮತ್ತೆ ಒರೆಸಬೇಕು. ಎದುರಿನ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಮೆಷಿನ್ ಹೊತ್ತು ಮೂಡುವ ಮೊದಲೇ ಶುರು. ಪುಡಿ ಬಂದು ಸರಳಿನ ಮೇಲೆ, ಲೋಟದ ಮೇಲೆ, ಅಳಿಯನ ಕನ್ನಡಕದ ಮೇಲೆ. ಒರೆಸುತ್ತ ಎರಡು ಸಲ ಕೂತೆ. ಉಬ್ಬಸ. ಪಂಪು ಎಳೆದುಕೊಂಡೆ. ಬಾಯಿಗೆ ಔಷಧಿ ಹೊಡೆಯುವ ಆ ಪುಟ್ಟ ಡಬ್ಬಿಗೆ ನಾನಿಟ್ಟ ಹೆಸರು ಅದು.

ಮಗಳಿಗೆ ಫೋರ್‌ಮನ್ ಕೆಲಸ ಬಂದಿದೆ. ಬಾಯ್ಲರ್ ಕಾರ್ಖಾನೆಯಲ್ಲಿ ಇಷ್ಟು ವರ್ಷ ವೆಲ್ಡಿಂಗ್ ಮಾಡಿದವಳು. ಅದೇ ಕಂಪನಿಯ ಹಡಗು ರಿಪೇರಿ ಯಾರ್ಡಿಗೆ ಹೋಗಬೇಕಂತೆ — ಬೇರೆ ರಾಜ್ಯ, ಸಮುದ್ರದ ಪಕ್ಕ, ಬೇರೆ ಭಾಷೆ. ಕೈಕೆಳಗೆ ಒಂದು ದಂಡು ಗಂಡಸರು. ಕೇಳಿ ನನಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಅವಳು ಮಾತ್ರ ಹಿಂಡಿದ ಟವೆಲ್ಲಿನಂಥ ಮುಖ ಮಾಡಿಕೊಂಡು ಕೂತಿದ್ದಳು.

"ಯಾಕೇ, ಪ್ರಮೋಷನ್ ಬಂತೋ ಡಿಸ್ಮಿಸ್ ಬಂತೋ?"

"ಅಲ್ಲಿನ ಹವೆ ನಿನಗೆ ಆಗಲ್ಲಮ್ಮ. ಡಾಕ್ಟ್ರು ಹೇಳಿಲ್ವಾ, ತೇವ ಬೇಡ, ಒಣ ಹವೆ ಇರಲಿ ಅಂತ."

"ಹಾಗಾದ್ರೆ ನನ್ನನ್ನ ನಿಮ್ಮಣ್ಣನ ಮನೆಗೆ ಬಿಟ್ಟು ಹೋಗು."

"ಅಣ್ಣನ ಮನೇಲಿ ಮೂರು ದಿನ ಇದ್ದು, ನಾಲ್ಕನೇ ದಿನ ಅತ್ತಿಗೆ ಹತ್ರ ಮಾತು ಬಿಟ್ಟೋಳು ನೀನು."

ನಿಜವೇ. ಆದರೆ ಮಾತು ಬಿಟ್ಟವಳು ಸೊಸೆ. ನನಗೆ ಮಾತು ಬಿಟ್ಟು ಅಭ್ಯಾಸವೇ ಇಲ್ಲ.

ಮೇ 5

ಅಳಿಯ ಗಣಿತದ ಮೇಷ್ಟ್ರು. ಬದುಕನ್ನೆಲ್ಲ ಚೌಕ ಹಾಕಿದ ಹಾಳೆಯಲ್ಲೇ ನೋಡುವವರು. ಊಟದ ಮೇಜಿನ ಮೇಲೆ ಹಾಳೆ ಹರಡಿ ಎರಡು ಊರು ಬರೆದರು, ಕೆಳಗೆ ಸಾಲು ಸಾಲಾಗಿ — ಬಿಸಿಲು, ಮಳೆ, ಗಾಳಿಯ ತೇವ, ಕುಡಿಯುವ ನೀರು, ಆಸ್ಪತ್ರೆ, ಮಾರ್ಕೆಟ್ಟು, ಶಾಲೆಯಲ್ಲಿ ಅವರಿಗೆ ಕೆಲಸ ಸಿಗುತ್ತದೋ ಇಲ್ಲವೋ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕು. ಕಡೆಯ ಸಾಲು: ಅತ್ತೆಯ ಉಸಿರು.

ಬಿಸಿಲಲ್ಲಿ ಆ ಊರು ಗೆದ್ದಿದೆ. ಇಲ್ಲಿನ ಬೇಸಿಗೆ ಮನುಷ್ಯರನ್ನು ಹುರಿಯುವುದಕ್ಕೇ ಇರುವುದು. ನೀರಲ್ಲಿ ಗೆದ್ದಿದೆ. ಆಸ್ಪತ್ರೆಯಲ್ಲೂ ಗೆದ್ದಿದೆ. ಕಡೆಯ ಸಾಲಲ್ಲಿ ಮಣ್ಣು ಮುಕ್ಕಿದೆ. ಆ ಸಾಲು ನಾನು.

"ನನ್ನನ್ನ ಮಾರ್ಕೆಟ್ಟಿನ ಕೆಳಗೆ ಹಾಕಿದ್ದೀರಲ್ಲ ಅಳಿಯಂದ್ರೇ."

"ಆ ಸಾಲಿಗೆ ಮೂರು ಪಟ್ಟು ತೂಕ ಕೊಟ್ಟಿದ್ದೀನಿ ಅತ್ತೆ."

"ಕೊಡಿ, ಕೊಡಿ. ಹೊರೋದು ಹೇಗೂ ನೀವೇ ತಾನೇ. ಈಗ್ಲೇ ತೂಕ ನೋಡ್ಕೊಂಡ್ಬಿಡಿ."

ಮಗಳು ಎದ್ದು ಹೋದಳು. ಅಳಿಯ ಪೆನ್ಸಿಲ್ ಕಚ್ಚಿದರು.

ನನ್ನಿಂದ ಅವಳ ಕೆಲಸ ತಪ್ಪಬೇಕೆ? ಸತ್ತರೂ ಒಪ್ಪುವುದಿಲ್ಲ. ಸತ್ತರೆ ತೊಂದರೆಯೇ ಇಲ್ಲ, ಆ ಮಾತು ಬೇರೆ.

ಮೇ 7

ಬಗೆಹರಿಯಿತು, ಅರ್ಧ. ಅಳಿಯನಿಗೆ ರಜೆ. ಮೂವರೂ ಆ ಊರಿಗೆ ಹೋಗಿ ಸಾಮಾನು ಸಮೇತದ ಬಾಡಿಗೆ ಮನೆಯಲ್ಲಿ ಕೆಲವು ದಿನ ಇದ್ದು ನೋಡುವುದು. ನನ್ನ ಉಸಿರು ಒಪ್ಪಿದರೆ ಮಗಳು ಹೂಂ ಅನ್ನುತ್ತಾಳೆ. ಇಲ್ಲವಾದರೆ ಇಲ್ಲ. ತಿಂಗಳ ಕೊನೆಯೊಳಗೆ ಕಂಪನಿಗೆ ಉತ್ತರ ಹೋಗಬೇಕು.

ಚೀಲಕ್ಕೆ ಹರಳುಪ್ಪು ಹಾಕಿಕೊಂಡೆ. ನಮ್ಮ ಮನೆಯ ರೂಢಿ — ಯಾವ ಹೊಸ ಮನೆ ನೋಡಿದರೂ ಕೋಣೆಗೊಂದು ತಟ್ಟೆ ಉಪ್ಪು ಇಡುವುದು. ಬೆಳಿಗ್ಗೆ ಉಪ್ಪು ಒಣಗಿದ್ದರೆ ಆ ಕೋಣೆಯಲ್ಲಿ ಮಲಗಬಹುದು. ನೀರು ಬಿಟ್ಟಿದ್ದರೆ ಸಾಮಾನು ತುಂಬುವುದಕ್ಕೂ ಲಾಯಕ್ಕಿಲ್ಲ. ಅಳಿಯನೂ ಗಾಳಿಯ ತೇವ ಅಳೆಯುವ ಒಂದು ಯಂತ್ರ ತಂದಿದ್ದಾರೆ. ಆದರೂ ಉಪ್ಪಿಲ್ಲದೆ ಹೊರಡೋಣ ಅನ್ನಲಿಲ್ಲ ಅವರು. ನನ್ನ ಮಗಳನ್ನು ಮದುವೆಯಾದ ಮೇಲೆ ಅಷ್ಟಾದರೂ ಕಲಿತಿದ್ದಾರೆ.

ಮೇ 10

ಬಂದೆವು. ಬಸ್ಸಿಳಿದ ಕೂಡಲೇ ಒದ್ದೆ ಕಂಬಳಿ ಹೊದಿಸಿದ ಹಾಗಾಯಿತು. ನಾಲ್ಕು ಅಂತಸ್ತಿನ ಕಟ್ಟಡ. ನಮ್ಮದು ಕೆಳಗೆ. ತುತ್ತತುದಿಯಲ್ಲಿ, ತಾರಸಿಯ ಪಕ್ಕದಲ್ಲೇ, ಮನೆಯೊಡತಿ — ಸೊಂಟದಲ್ಲಿ ಬೀಗದಕೈ ಗೊಂಚಲು, ನಡೆದರೆ ಎತ್ತಿನ ಗಾಡಿ ಬಂದ ಹಾಗೆ. 'ಬೀಗದಕೈ' ಅಂತಲೇ ಹೆಸರಿಟ್ಟೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಆದರೂ ಬಾಗಿಲಲ್ಲೇ ಇಬ್ಬರಿಗೂ ಅರ್ಥವಾಯಿತು, ಇವಳು ಸುಲಭದವಳಲ್ಲ ಅಂತ.

ಹಿಂದಿನ ಕೋಣೆಯಲ್ಲಿ ಮಲಗಿದೆ. ಗೋಡೆಗೆ ಬೂಷ್ಟು. ಎದೆಯ ಮೇಲೆ ಚಪ್ಪಡಿ ಇಟ್ಟಂತಾಗಿ ಎದ್ದೆ. ಪಂಪು. ಮಗಳು ಬೆನ್ನು ಸವರುತ್ತ ಒಂದೂ ಮಾತಾಡಲಿಲ್ಲ. ಅದೇ ಭಯ ನನಗೆ. ಅವಳು ಮಾತಾಡದಿದ್ದರೆ ತೀರ್ಮಾನ ಮಾಡಿದಳು ಅಂತ.

ಮೇ 11

ಮುಂದಿನ ಕೋಣೆಗೆ ಬಂದೆ. ಎರಡು ಕಡೆ ಕಿಟಕಿ. ಸಮುದ್ರದ ಗಾಳಿ ಒಂದರಿಂದ ನುಗ್ಗಿ ಇನ್ನೊಂದರಿಂದ ಹೋಗುತ್ತದೆ, ಕ್ಯಾಲೆಂಡರ್ ಹಾರಿಸಿಕೊಂಡು. ಇಲ್ಲಿ ವಾಸಿ.

ಉಪ್ಪು ಮಾತ್ರ ಮಾನ ಕಳೆಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೋಡಿದರೆ ತಟ್ಟೆಯಲ್ಲಿ ನೀರು. ಉಪ್ಪೇ ಕೈಕೊಟ್ಟಿತು ಅಂದರೆ ಮಗಳು ಇನ್ನು ಯಾವುದನ್ನೂ ನೋಡುವುದಿಲ್ಲ. ಚೆಲ್ಲಿ, ತಟ್ಟೆ ಒರೆಸಿ, ಚೀಲದಿಂದ ಒಣ ಉಪ್ಪು ಹಾಕಿಟ್ಟೆ.

"ನೋಡಿ ಅಳಿಯಂದ್ರೇ, ಹರಳು ಹರಳಾಗಿದೆ."

ಅವರು ಉಪ್ಪು ನೋಡಿದರು, ಯಂತ್ರ ನೋಡಿದರು. ಯಂತ್ರವನ್ನು ಕುಲುಕಿದರು. "ಇದು ಕೆಟ್ಟಿರ್ಬೇಕು."

ಪಾಪ ಅನ್ನಿಸಿತು. ಹೆಚ್ಚೇನೂ ಇಲ್ಲ, ಸ್ವಲ್ಪ.

ಮೇ 14

ಅಭ್ಯಾಸಬಲ — ಎದ್ದ ಕೂಡಲೇ ಕಿಟಕಿ ಒರೆಸಿದೆ. ಬಟ್ಟೆ ಹಾಗೇ ಬೆಳ್ಳಗಿತ್ತು. ಒರೆಸಿದ್ದು ದಂಡ.

ಮಾರ್ಕೆಟ್ಟಿಗೆ ಹೋದೆ, ನಡೆದೇ. ತರಕಾರಿಯವನಿಗೆ ಬೆರಳು ತೋರಿಸಿ ಬೆಲೆ ಇಳಿಸಿದೆ. ಹಾಸ್ಟೆಲ್ಲಿನಿಂದ ಮೊಮ್ಮಗಳು ಫೋನ್ ಮಾಡಿದ್ದಳು. ಅವಳ ಮೆಸ್ಸಿನವನನ್ನು, ಅವಳ ಹರಿದ ಪ್ಯಾಂಟನ್ನು, ತಡವಾಗಿ ಏಳುವುದನ್ನು ಎಲ್ಲ ಸೇರಿಸಿ ಬೈದೆ.

"ಅಜ್ಜಿ, ಇವತ್ತು ನಡುವೆ ಕೆಮ್ಮಲೇ ಇಲ್ಲ ನೀನು. ನನಗೆ ತಪ್ಪಿಸ್ಕೊಳ್ಳೋಕೆ ಟೈಮೇ ಸಿಗ್ಲಿಲ್ಲ."

ಕೊಬ್ಬು ಅವಳಿಗೆ.

ಮೇ 16

ಸಿಕ್ಕಿಬಿದ್ದೆ.

ಚೀಲದ ಹರಳುಪ್ಪು ಮುಗಿದಿತ್ತು. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಹಾಕಿಟ್ಟೆ. ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ. ಅಳಿಯ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಅತ್ತೆ, ರಾತ್ರಿ ಇಟ್ಟಿದ್ದು ಹರಳುಪ್ಪು. ಬೆಳಿಗ್ಗೆ ಪುಡಿಯುಪ್ಪು ಹೇಗಾಯ್ತು?"

"ಇಲ್ಲಿನ ಗಾಳಿಗೆ ಸವೆದಿದೆ."

"ಒಂದೇ ರಾತ್ರೀಲಿ?"

"ಗಾಳಿ ಜೋರಿತ್ತು."

ಅವರಿಗೆ ನಗು. ಮಗಳಿಗೆ ನಗು ಬರಲಿಲ್ಲ. ತಟ್ಟೆ ಎತ್ತಿಕೊಂಡಳು, ನನ್ನ ಮುಖ ನೋಡಿದಳು.

"ದಿನಾ ಬದಲಾಯಿಸ್ತಿದ್ದೆಯಾ ಅಮ್ಮ? ಉಬ್ಬಸ ಬಂದ್ರೂ ಹೀಗೇ ಮುಚ್ಚಿಡ್ತೀಯ. ಇಲ್ಲಿ ಬಂದ್ಮೇಲೆ ನಾನು ಯಾರ್ಡಿನಲ್ಲಿ ಇರ್ತೀನಿ, ನೀನು ಮೂಲೇಲಿ ಕೂತು ಎಳ್ಕೊಂಡು 'ಚೆನ್ನಾಗಿದ್ದೀನಿ' ಅಂತೀಯ. ಬೇಡ. ನಾಳೆ ಬರೆದು ಕಳಿಸ್ತೀನಿ, ಬರಲ್ಲ ಅಂತ."

"ಉಪ್ಪಿನ ವಿಷಯದಲ್ಲಿ ಸುಳ್ಳು ಹೇಳ್ದೆ. ಉಸಿರಿನ ವಿಷಯದಲ್ಲಿ ಹೇಳ್ತಿಲ್ಲ ಕಣೇ. ನಿಜವಾಗ್ಲೂ ವಾಸಿಯಾಗಿದೆ."

"ಹೇಗೆ ನಂಬಲಿ?"

ಒಳ್ಳೆಯದು ಮಾಡಲು ಹೋಗಿ ನನ್ನ ಮಾತಿಗೇ ಬೆಲೆ ಇಲ್ಲದ ಹಾಗೆ ಮಾಡಿಕೊಂಡೆ. ಅವಳ ಕೆಲಸಕ್ಕೆ ಕಲ್ಲು ಹಾಕಿದ್ದು ಇಲ್ಲಿನ ಹವೆಯಲ್ಲ, ನನ್ನ ಒಂದು ಹಿಡಿ ಪುಡಿಯುಪ್ಪು.

ಮೇ 17, ಮಧ್ಯಾಹ್ನ

ಖುಷಿಗೆ ಏನೂ ತೋಚುತ್ತಿಲ್ಲ. ಮೊದಲಿಂದ ಬರೆಯಬೇಕು.

ಬೆಳಿಗ್ಗೆ ಮಗಳು ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು, ಬರುವುದಿಲ್ಲ ಅಂತ ಬರೆಯುವುದಕ್ಕೆ. ನೋಡಲಾಗದೆ ಸ್ನಾನಕ್ಕೆ ಹೋದೆ. ತಲೆಗೆ ಸೋಪು ಹಚ್ಚಿದೆ — ನಲ್ಲಿ ಬುಸ್ ಅಂದು ನಿಂತಿತು. ಬೀಗದಕೈ ತನ್ನ ಗಿಡಗಳಿಗೆ ನೀರು ಬಿಡಲು ಮೇಲೆ ಟ್ಯಾಂಕಿನ ವಾಲ್ವ್ ತಿರುಗಿಸಿದ್ದಾಳೆ. ಮೊನ್ನೆಯೂ ಹೀಗೇ ಮಾಡಿದ್ದಳು, ಪಾತ್ರೆ ತೊಳೆಯುವಾಗ.

ಮೊದಲೇ ಹೊಟ್ಟೆ ಉರಿಯುತ್ತಿತ್ತು. ಮೈಗೆ ಬಟ್ಟೆ ಸುತ್ತಿಕೊಂಡು, ತಲೆಯ ಮೇಲೆ ಅಷ್ಟೆತ್ತರ ನೊರೆ, ಹೊರಗೆ ಬಂದೆ. ಮೆಟ್ಟಿಲು ಹತ್ತಿದೆ. ಹತ್ತುತ್ತಲೇ ಶುರು ಮಾಡಿದೆ.

"ಏನಮ್ಮಾ ತಾಯಿ, ಬಾಡಿಗೆ ಅಂದ್ರೆ ಮುಂಗಡ ಬೇಕು, ನೀರು ಅಂದ್ರೆ ಮುಹೂರ್ತ ಬೇಕಾ ನಿನಗೆ? ಸಮುದ್ರ ಪಕ್ಕದಲ್ಲಿ ಇಟ್ಕೊಂಡು ಚೊಂಬು ನೀರಿಗೆ ಬೀಗ ಹಾಕ್ತೀಯಲ್ಲ, ಸಮುದ್ರಕ್ಕೂ ಒಂದು ಬೀಗದಕೈ ಮಾಡಿಸ್ಕೊಂಡಿದ್ದೀಯಾ ಸೊಂಟದಲ್ಲಿ? ಮುದುಕಿ ತಲೇಲಿ ಸೋಪು ಒಣಗ್ತಾ ಇದೆ, ಕಣ್ಣು ಉರೀತಿದೆ, ನೀನು ಅಲ್ಲಿ ಗಿಡಕ್ಕೆ ನೀರು ಬಿಡ್ತಾ ನಿಂತಿದ್ದೀಯ…"

ಒಂದು ಮಹಡಿ ಕಳೆಯಿತು. ಬೀಗದಕೈ ಮೇಲಿಂದ ಬಗ್ಗಿ ಅವಳ ಭಾಷೆಯಲ್ಲಿ ಏನೋ ಅಂದಳು. ಬೈಗುಳವೇ ಇರಬೇಕು, ಧಾಟಿ ಪರಿಚಯದ್ದು. ಮತ್ತೂ ಹುರುಪು ಬಂತು. ಎರಡನೆಯ ಮಹಡಿಯಲ್ಲಿ ಅವಳ ಗಿಡಗಳ ಸರದಿ. ಮೂರನೆಯದರಲ್ಲಿ ಅವಳ ಕಟ್ಟಡ, ಅವಳ ಹಿಂದಿನ ಕೋಣೆಯ ಬೂಷ್ಟು. ಹಿಂದೆ ದಡದಡ ಹೆಜ್ಜೆ ಕೇಳಿತು. ಮಗಳು, ಪಂಪು ಹಿಡಿದುಕೊಂಡು. "ಅಮ್ಮ ನಿಲ್ಲು, ಅಮ್ಮ ಕೂತ್ಕೋ!"

ನಾನು ನಿಲ್ಲಲಿಲ್ಲ. ತಾರಸಿಗೆ ಕಾಲಿಟ್ಟು ಬೀಗದಕೈ ಎದುರು ನಿಂತು ಕಡೆಯ ಮಾತನ್ನೂ ಪೂರ್ತಿ ಹೇಳಿ ಮುಗಿಸಿದೆ. ಅವಳು ನನ್ನ ತಲೆಯ ನೊರೆ ನೋಡಿದಳು. ಹೋಗಿ ವಾಲ್ವ್ ತಿರುಗಿಸಿದಳು.

ಹಿಂದೆ ತಿರುಗಿದರೆ ಮಗಳು ಮೆಟ್ಟಿಲ ಮೇಲೆ ಕೂತಿದ್ದಾಳೆ. ಏದುಸಿರು ಬಿಡುತ್ತಿರುವವಳು ಅವಳು. ಪಂಪು ಅವಳ ಕೈಯಲ್ಲಿ. ಹಾಗೇ ಇದೆ.

"ಅಮ್ಮ," ಅಂದಳು. "ಎಲ್ಲೂ ನಿಲ್ಲಲಿಲ್ಲ ನೀನು."

"ಯಾಕೆ ನಿಲ್ಲಲಿ? ಇನ್ನೂ ಇತ್ತು ಹೇಳೋದು."

"ಅಲ್ಲಿ ನಮ್ಮನೇಲಿ ಬಾಗಿಲಿಂದ ಗೇಟಿಗೆ ಹೋಗೋಷ್ಟರಲ್ಲಿ ಎರಡು ಸಲ ಕೂರ್ತಿದ್ದೆ."

ಆಗ ನನಗೂ ಹೊಳೆಯಿತು. ಎದೆ ಮುಟ್ಟಿ ನೋಡಿಕೊಂಡೆ. ಸುಮ್ಮನೆ ತನ್ನ ಪಾಡಿಗೆ ಬಡಿಯುತ್ತಿತ್ತು. ಸೀಟಿ ಇಲ್ಲ, ಗೊರಗೊರ ಇಲ್ಲ. ಮಗಳು ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬೀಗದಕೈ ಇಬ್ಬರಿಗೂ ಹುಚ್ಚು ಅಂದುಕೊಂಡು ನನ್ನ ತಲೆಗೆ ತಾನೇ ಒಂದು ಚೊಂಬು ನೀರು ಹಾಕಿದಳು.

ಮೇ 17, ಸಂಜೆ

ಅಳಿಯ ಒಂದು ಸಲದ್ದನ್ನು ನಂಬುವವರಲ್ಲ.

"ಅತ್ತೆ, ಇನ್ನೊಂದ್ಸಲ ಹತ್ತಿ ತೋರಿಸ್ತೀರಾ? ಬೈಕೊಂಡೇ."

"ಯಾರನ್ನ ಬೈಯಲಿ?"

"ನನ್ನನ್ನೇ ಬೈರಿ, ಪರ್ವಾಗಿಲ್ಲ."

ಮೂರು ಮಹಡಿಗೂ ಸಾಲುವಷ್ಟು ಸರಕಿತ್ತು. ಮದುವೆಯಾದಾಗಿನಿಂದ ಕೂಡಿಟ್ಟದ್ದು. ಮೇಲೆ ತಲುಪಿದಾಗ ಅವರ ಮುಖ ಕೆಂಪಗಿತ್ತು, ನನ್ನದು ಹಾಗೇ ಇತ್ತು.

ಆಮೇಲೆ ನಮ್ಮೂರ ಡಾಕ್ಟರಿಗೆ ಫೋನ್. ಅಳಿಯ ಸ್ಪೀಕರ್ ಹಾಕಿದರು. ಇಲ್ಲಿ ತೇವ ಇಷ್ಟಿದ್ದೂ ವಾಸಿಯಾಗಿದೆ, ಯಾಕೆ ಅಂತ ಕೇಳಿದರು. ಡಾಕ್ಟರು, "ಇಲ್ಲಿ ನಿಮ್ಮ ಮನೆ ಹತ್ರ ಏನೋ ಇರ್ಬೇಕು, ಅಲ್ಲಿ ಇಲ್ದೇ ಇರೋದು," ಅಂದರು.

ಏನಿದೆ? ನಾನು ಕಿಟಕಿ ನೋಡಿದೆ. ಬೆಳ್ಳಗಿದ್ದ ಬಟ್ಟೆ ನೆನಪಾಯಿತು.

"ಎದುರುಗಡೆ ಕಲ್ಲು ಕೊಯ್ಯೋ ಶೆಡ್ಡು ಇದೆ ಡಾಕ್ಟ್ರೇ."

"ಎದುರುಗಡೆಯಾ? ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ? ಧೂಳಿದೆಯಾ ಅಂತ ಕೇಳಿದ್ನಲ್ಲಮ್ಮ."

ಕೇಳಿದ್ದರು. ಇಲ್ಲ ಅಂದಿದ್ದೆವು, ಮೂವರೂ. ನಮ್ಮ ಮನೆಯಲ್ಲಿ ಅದನ್ನು ಧೂಳು ಅಂತ ಕರೆದವರೇ ಇಲ್ಲ. ನನ್ನ ಗಂಡ ಆ ಶೆಡ್ಡಿನಲ್ಲೇ ಕಲ್ಲು ಕೊಯ್ದವರು. ಸಂಜೆ ಹುಬ್ಬೆಲ್ಲ ಬಿಳಿ ಮಾಡಿಕೊಂಡು ಬಂದರೆ ಮಗಳು ಓಡಿ ಹೋಗಿ ಒರೆಸುತ್ತಿದ್ದಳು. ಅನ್ನ ಬಂದದ್ದು ಅದರಿಂದ. ಅವರು ಹೋದ ಮೇಲೂ ಆ ಪುಡಿ ಕಿಟಕಿಗೆ ಬಂದು ಕೂತರೆ ಮನೆಗೆ ಯಾರೋ ಬಂದ ಹಾಗೇ ಇರುತ್ತಿತ್ತು. ಬಂದವರನ್ನು ಕಾಯಿಲೆ ಅನ್ನುತ್ತಾರೆಯೇ?

ಡಾಕ್ಟರು ಬಿಡಿಸಿ ಹೇಳಿದರು. ತೇವ ಬೂಷ್ಟಿನ ಕೋಣೆ ಆಗದು, ಗಾಳಿಯಾಡುವ ಮೇಲಿನ ಮನೆ ನೋಡಿ, ಪಂಪು ಕೈಗೆ ಸಿಗುವಂತೆ ಇರಲಿ. ಆದರೆ ಆ ಶೆಡ್ಡಿನ ಎದುರು ಮಾತ್ರ ಮತ್ತೆ ಬೇಡ.

ಮಗಳು ಲ್ಯಾಪ್‌ಟಾಪ್ ಮುಂದೆ ಹೋಗಿ ಕೂತಳು. ಬರೆದಿದ್ದನ್ನೆಲ್ಲ ಅಳಿಸಿದಳು. ಹೊಸದಾಗಿ ಬರೆದಳು, ಒಂದೇ ಸಾಲು. ನನ್ನನ್ನು ಕರೆದು ಓದಿ ಹೇಳಿ, "ನೀನೇ ಒತ್ತು," ಅಂದಳು. ಒತ್ತಿದೆ.

ಅಳಿಯ ಹಾಳೆಯ ಕಡೆಯ ಸಾಲು ರಬ್ಬರಿನಿಂದ ಒರೆಸಿ 'ಅತ್ತೆಯ ಬಾಯಿ' ಅಂತ ಬರೆದರು. ಹತ್ತಕ್ಕೆ ಹನ್ನೆರಡು. ಮೇಷ್ಟ್ರಾದ ಮೇಲೆ ಅಂಥ ಮಾರ್ಕು ಯಾರಿಗೂ ಕೊಟ್ಟಿಲ್ಲವಂತೆ.

ಜೂನ್ 20

ಹಳೇ ಮನೆ ಖಾಲಿ ಮಾಡಿದೆವು. ಕಡೆಯ ಸಲ ಕಿಟಕಿ ಒರೆಸಲಿಲ್ಲ. ಸರಳಿನ ಮೇಲಿದ್ದ ಪುಡಿಗೆ ಒಂದು ಬೆರಳು ತಾಗಿಸಿ, ಹೋಗಿ ಬರುತ್ತೇನೆ ಅಂದೆ. ಅಷ್ಟೇ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ಅವನನ್ನೂ ನೋಡಿಕೊಳ್ಳಬೇಕಿತ್ತು.

ಜುಲೈ 1, ಬೆಳಿಗ್ಗೆ

ತುದಿಯ ಮಹಡಿ. ಬೀಗದಕೈಯ ಪಕ್ಕದ ಮನೆ. ಉಪ್ಪಿಗೆ ಬಿಗಿ ಮುಚ್ಚಳದ ಡಬ್ಬಿ ಬಂದಿದೆ. ಅಳಿಯನಿಗೆ ಇಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕಿದೆ.

ಮಗಳಿಗೆ ಇವತ್ತು ಮೊದಲ ದಿನ. ಹಳದಿ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ತಾರಸಿಯಿಂದ ನೋಡಿದೆ. ರಸ್ತೆಯ ತಿರುವಿನಲ್ಲಿ ನಿಂತು ಹೆಲ್ಮೆಟ್ ತಲೆಗೆ ಹಾಕಿಕೊಂಡು ಮೇಲೆ ನೋಡಿದಳು. ಕೈ ಬೀಸಲಿಲ್ಲ. ಗಲ್ಲ ಸ್ವಲ್ಪ ಎತ್ತಿದಳು, ಅವಳಪ್ಪನ ಹಾಗೆ. ಯಾರ್ಡಿನ ಸೈರನ್ ಕೂಗಿತು. ನನ್ನ ಮಗಳು ಬಂದಳು ದಾರಿ ಬಿಡಿ ಅಂತಲೇ ಕೇಳಿಸಿತು ನನಗೆ.

ಎದೆ ತುಂಬ ಉಸಿರು ಎಳೆದುಕೊಂಡೆ. ಕೆಳಗಿನವರೆಗೂ ಹೋಯಿತು.

ಸ್ವಲ್ಪ ಹೊತ್ತು ಇಲ್ಲೇ ಕೂತು ಬರೆಯೋಣ ಅಂತಿದ್ದೆ. ಆದರೆ ಆ ಬೀಗದಕೈ ನೋಡು — ನಾನು ಒಣಹಾಕಿದ ಬಟ್ಟೆಗಳನ್ನೆಲ್ಲ ಮೂಲೆಗೆ ತಳ್ಳಿ, ನನ್ನ ಹಗ್ಗದ ಮೇಲೆ ಅವಳ ಒದ್ದೆ ಕಂಬಳಿ… ನೀರು ತೊಟ್ಟಿಕ್ಕುತ್ತಿದೆ ನನ್ನ ದಿಂಬಿನ ಚೀಲದ ಮೇಲೆ. ಆ ಕಡೆ ತಿರುಗಿ ನಿಂತಿದ್ದಾಳೆ, ಏನೂ ಗೊತ್ತಿಲ್ಲದವಳ ಹಾಗೆ. ಬಾ ತಾಯಿ, ಇವತ್ತು ನಿನಗೆ…