‘ನೀಲಿ ಮಾವು’ ಕ್ಯಾಸೆಟ್ಟಿನ ಬಿ ಸೈಡು

ಬತ್ತಲಗುಂಡು
14-6-1998

ದಿಂಡುಗಲ್ಲಿನ ಸಮಸ್ತ ಬೀಗಗಳ ಒಡೆಯನೂ, ಆರು ತಂತಿಗಳ ಚಕ್ರವರ್ತಿಯೂ, ಒಗೆಯದ ಲುಂಗಿಯ ಧೀರನೂ ಆದ ಶ್ರೀಮಾನ್ ಸತೀಶ್‌ಕುಮಾರ್ ಬಾವನ ಸನ್ನಿಧಾನಕ್ಕೆ, ಬತ್ತಲಗುಂಡು ಬಸ್‌ಸ್ಟ್ಯಾಂಡಿನ ಆಸ್ಥಾನ ಗಾಯಕ ರಾಜಾ ಸಾಷ್ಟಾಂಗ ಬಿದ್ದು, ಎದ್ದು, ಧೂಳು ಕೊಡವಿಕೊಂಡು ಬರೆಯುವುದು.

ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ, ಕ್ಷಮಿಸು. ಪೆರಿಯಕುಳದಿಂದ ಮಾವಿನ ಲಾರಿಗಳು ಬರುತ್ತಿವೆ, ಕೈತುಂಬ ಸೊನೆ. ಸದ್ಯಕ್ಕೆ ಇದನ್ನು ನಂಬು. ಬೀಗ ಮಾಡುವ ಪಟ್ಟರೆಯ ಕೆಲಸವೇ ಸಾಕು, ಆಡಿ ತಿಂಗಳು ಹುಟ್ಟುವುದರೊಳಗೆ ಗಿಟಾರನ್ನು ಚರ್ಚಿನ ಹಾಡುಗಾರರಿಗೆ ಕೊಟ್ಟುಬಿಡುತ್ತೇನೆ ಎಂದು ಬರೆದಿದ್ದೀ. ಓದಿದೆ.

ನಮ್ಮ ಸೈಕೆಡೆಲಿಕ್ ರಾಕ್ ತಂಡದ ಚೊಚ್ಚಲ ಕ್ಯಾಸೆಟ್ ಲೋಕಾರ್ಪಣೆಯಾಯಿತು. ಲೋಕವೆಂದರೆ ಮೂಕಯ್ಯನವರ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರ. ನಮ್ಮನ್ನು ರೆಕಾರ್ಡ್ ಮಾಡಿದವರೂ ಅವರೇ, ಮೈಕ್‌ಸೆಟ್ಟೂ ಅವರದೇ. ಬೇರೆ ಯಾರೂ ಹಾಕಲು ಒಪ್ಪಲಿಲ್ಲ. ಎ ಸೈಡಿನ ನನ್ನ ನಾಲ್ಕು ಹಾಡಿಗೆ ಜನ ಊಟಕ್ಕೆ ಎದ್ದರು. ಬಿ ಸೈಡಿನ ನಿನ್ನ ಗಿಟಾರ್, ಆ ಹಿಂದುಮುಂದಾಗಿ ರೆಕಾರ್ಡಾದದ್ದೇ, ತೆಂಗಿನ ಮರಕ್ಕೆ ಕಟ್ಟಿದ ಸ್ಪೀಕರಿನಿಂದ ಹೊರಟಾಗ ಮಗು ಅಳು ನಿಲ್ಲಿಸಿತು. ಆಚಾರಿ ಸೂಜಿ ಹಿಡಿದು ಹಾಗೇ ಕೂತ. ನಿನ್ನ ಅಜ್ಜಿ ಓಚ್ಚಮ್ಮಾಳ್ ಎಲೆಯಡಿಕೆ ಅಗಿಯುವುದನ್ನು ಬಿಟ್ಟು ನನ್ನನ್ನು ಕರೆದರು.

“ಏನ್ಡಾ ರಾಜಾ, ಈ ಗಿಟಾರ್ ಪಾಟು ಬೆದರಿದ ಕರು ಹಂಗೆ ಹಿಂದಿಂದಕ್ಕೆ ಹೋಗ್ತದೆ. ಆದ್ರೂ ಚೆಂದಾಗದೆ. ನೆಟ್ಟಗೆ ಹೋಗಿದ್ರೆ ಎಂಗಿರ್ತಿತ್ತು?”

ನಾನು ಪಾಯಸ ಬಡಿಸಲು ಹೋದೆ.

ಆರು ತಿಂಗಳು ತಿದ್ದಿ ತೀಡಿದ ನಿನ್ನ ವಾದನ ನೂರು ಕ್ಯಾಸೆಟ್ಟಿನಲ್ಲೂ ತಿರುಗುಮುರುಗಾಗಿ ಇಳಿದದ್ದಕ್ಕೆ ಮೂಕಯ್ಯನವರ ಹಳೆಯ ಸ್ಪೂಲ್ ಯಂತ್ರವೇ ಕಾರಣವೆಂದು ನೀನು ಕೂಗಾಡಿ ಊರು ಬಿಟ್ಟೆಯಲ್ಲ, ಅಂದಿನಿಂದ ಅವರು ದಿನಾ ಬೆಳಿಗ್ಗೆ ಸ್ಪಿರಿಟ್ಟಿನ ಹತ್ತಿಯಲ್ಲಿ ಅದರ ಟೇಪ್ ಹೆಡ್ಡು ಒರೆಸುತ್ತಾರೆ. “ಮೂವತ್ತು ವರ್ಷ ಇದು ಯಾರ ಪಾಟೂ ಕೆಡಿಸ್ಲಿಲ್ಲ, ತಂಬಿ,” ಎನ್ನುತ್ತಾರೆ. ಮೈಕ್‌ಸೆಟ್ ಹೊತ್ತು ಮದುವೆ ಮನೆಗಳಿಗೆ ಹೋಗುವುದನ್ನೂ ಕಡಿಮೆ ಮಾಡಿದ್ದಾರೆ.

ಬೀಗದ ಅರದ ಪುಡಿ ನಿನ್ನ ಕೈ ಬಿಡಲಿ, ತಂತಿಯಿಂದಾದ ಬೆರಳ ಜಡ್ಡು ಮಾತ್ರ ಹಾಗೇ ಉಳಿಯಲಿ ಎಂದು ಹರಸುವ,

ನಿನ್ನ
ರಾಜಾ

ತಾ.ಕ.: ಯಂತ್ರದ ತಪ್ಪಲ್ಲ. ಕ್ಯಾಸೆಟ್ಟಿಗೆ ಇಳಿಸುವ ಮೊದಲು ಮೂಕಯ್ಯನವರು ಟೀ ಕುಡಿಯಲು ಹೋದಾಗ ನಿನ್ನ ಸ್ಪೂಲನ್ನು ತಿರುಗಿಸಿ ಹಾಕಿದವನು ನಾನು. ತಮಾಷೆಗೆ ಎಂದು ಇಷ್ಟು ದಿನ ನನಗೇ ಹೇಳಿಕೊಂಡೆ. ತಿರುಗಿಸುವ ಮೊದಲು ನಿನ್ನ ವಾದನವನ್ನು ಒಮ್ಮೆ ನೆಟ್ಟಗೆ ಕೇಳಿದ್ದೆ. ಅದನ್ನು ಕೇಳಿದವರಿಗೆ ನನ್ನ ಹಾಡು ಬೇಕಾಗುತ್ತಿರಲಿಲ್ಲ. ನೆಟ್ಟಗಿನ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕೇಳುವ ತನಕ ಗಿಟಾರ್ ಕೊಡಬೇಡ.

ಮೂಕಯ್ಯನವರಿಗೆ ಇನ್ನೂ ಹೇಳಿಲ್ಲ. ಇವತ್ತು ಬೆಳಿಗ್ಗೆಯೂ ಹತ್ತಿ ಅದ್ದಿಕೊಟ್ಟೆ.