ಕಾದಂಬರಿಯಲ್ಲಿ ಸತ್ತವರಿಗೆ

ಬಿಷ್ಕೆಕ್, ಮಾರ್ಚ್ 12, ಗುರುವಾರ

...ಪಾಪ, ಕತೆಯಲ್ಲಿ ಸತ್ತ ಅವರಿಗೆ ನಮ್ಮನ್ನು ಬಿಟ್ಟರೆ ಇನ್ಯಾರಿದ್ದಾರೆ ಅಂತೇನೋ ಅಂದರಲ್ಲ ಬುರುಲ್ಚಾ ಅಕ್ಕ. ಚಳಿಗಾಲವಿಡೀ ನಾವು ಗೆಳತಿಯರು ಕೂಡಿ ಓದಿದ ಕಾದಂಬರಿ ಇವತ್ತು ಮುಗಿಯಿತು. ಕೊನೆಗೆ ತಾಯಿಯೂ ಸತ್ತಳು; ಆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅಕ್ಕ ಎದ್ದು ಬಾಣಲೆಯಿಟ್ಟು ಹಿಟ್ಟಿನ ತುಂಡುಗಳನ್ನು ಕರಿಯತೊಡಗಿದರು. ನಮ್ಮಲ್ಲಿ ಸತ್ತವರ ಹೆಸರಲ್ಲಿ ಹೀಗೆ ಕರಿಯುವುದು ವಾಡಿಕೆ; ಅವರಿಗೆ ಎಣ್ಣೆಯ ವಾಸನೆ ಮುಟ್ಟಬೇಕಲ್ಲ.

"ಕತೆಯವರಿಗೂ ಮೂಗಿರುತ್ತೇನಕ್ಕಾ?" ಎಂದು ನಕ್ಕಳು ಮೇರಿಮ್.

"ಬಾಯ್ಮುಚ್ಕೊಂಡು ಹಿಟ್ಟು ಕತ್ತರಿಸೇ. ಗೊಳೋ ಅಂತ ಅತ್ತೋಳು ನೀನೇ ತಾನೆ?"

ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ, "ನೀನೂ ಎರಡು ಎಣ್ಣೆಗೆ ಬಿಡಮ್ಮ, ಕುಬಾತನ ಹೆಸರಲ್ಲಿ," ಅಂದರು.

ನಾನು ಬಿಡಲಿಲ್ಲ. ಹಿಮನದಿಯ ಕಡೆ ಹೋದ ನನ್ನ ಗಂಡ ಕುಬಾತ್ ಮರಳದೆ ಆರು ವರ್ಷವಾಯಿತು; ದೇಹ ಸಿಕ್ಕಿಲ್ಲ. ಕರಿದರೆ, ಸತ್ತನೆಂದು ಒಪ್ಪಿಕೊಂಡಂತೆ.

ಈಗ ಶಾಲಿನಲ್ಲೆಲ್ಲ ಅದೇ ವಾಸನೆ. ಒಗೆಯಲೂ ಶಕ್ತಿಯಿಲ್ಲ. ಕುಬಾತ್, ಇದು ನಿನಗೆ ಮುಟ್ಟುತ್ತಿದೆಯೇ?